ಐದೇ ಕ್ಷಿಪಣಿ ಬಿಡ್ತಾರಾ?

ಕೇಳುಗರಿಗೆ ನಮಸ್ಕಾರ.

1983ರ ಸೆಪ್ಟೆಂಬರ್ 26. ಮಾಸ್ಕೋದ ದಕ್ಷಿಣಕ್ಕಿರುವ ಸೆರ್ಪುಖೋವ್-15 ಎಂಬ ಗುಟ್ಟಿನ ಸೇನಾ ನೆಲೆ. ಮಧ್ಯರಾತ್ರಿ ಕಳೆದಿತ್ತು. ಪಾಳಿಯಲ್ಲಿದ್ದ ಸೋವಿಯತ್ ಅಧಿಕಾರಿ ಸ್ಟಾನಿಸ್ಲಾವ್ ಪೆಟ್ರೋವ್ ಎದುರು ಸೈರನ್ ಕೂಗಿತು. ಅಮೆರಿಕ ಕ್ಷಿಪಣಿ ಹಾರಿಸಿದೆ ಎಂದಿತು ಕಂಪ್ಯೂಟರ್. ಸ್ವಲ್ಪ ಹೊತ್ತಿಗೆ ಇನ್ನೂ ನಾಲ್ಕು. ಮಾಹಿತಿ ಎಷ್ಟು ಖಚಿತ? ಪೂರ್ತಿ ಖಚಿತ ಎಂದು ಹೇಳಿದ್ದೂ ಅದೇ ಕಂಪ್ಯೂಟರ್!

ಕಾಲವೂ ಕೆಟ್ಟಿತ್ತು. ಅದೇ ತಿಂಗಳ 1ರಂದು ಸೋವಿಯತ್ ಯುದ್ಧವಿಮಾನವೊಂದು ಕೊರಿಯಾದ ಪ್ರಯಾಣಿಕ ವಿಮಾನವನ್ನು ಹೊಡೆದುರುಳಿಸಿ 269 ಜನ ಸತ್ತಿದ್ದರು. ಆದರೂ ಪೆಟ್ರೋವ್‌ಗೆ ಅನುಮಾನ. ಯುದ್ಧ ಶುರು ಮಾಡುವವರು ಐದೇ ಕ್ಷಿಪಣಿ ಬಿಡ್ತಾರಾ? ನೆಲದ ರಾಡಾರ್‌ನಲ್ಲೂ ಏನೂ ಕಾಣಲಿಲ್ಲ. ಸುಳ್ಳು ಎಚ್ಚರಿಕೆ ಎಂದು ಮೇಲಿನವರಿಗೆ ತಿಳಿಸಿದರು. ಮೋಡದ ಮೇಲೆ ಬಿದ್ದ ಬಿಸಿಲಿನ ಹೊಳಪು, ಕ್ಷಿಪಣಿ ಪತ್ತೆ ಮಾಡುವ ಉಪಗ್ರಹವನ್ನು ಏಮಾರಿಸಿತ್ತು. ಅವರಿಗೆ ಬಹುಮಾನವೇನೂ ಸಿಗಲಿಲ್ಲ. ಆ ರಾತ್ರಿಯ ವಿವರವನ್ನು ಪಾಳಿಯ ದಾಖಲೆ ಪುಸ್ತಕದಲ್ಲಿ ಬರೆದಿಲ್ಲ ಎಂದು ಬೈಸಿಕೊಂಡರಂತೆ.

ಈಗ ಕೃತಕ ಬುದ್ಧಿಮತ್ತೆ, ಅಂದರೆ ಎಐ ಬಂದಿದೆ. ಅಣ್ವಸ್ತ್ರ ಬಳಸುವ ತೀರ್ಮಾನ ಮನುಷ್ಯರ ಕೈಯಲ್ಲೇ ಇರಬೇಕು ಎಂದು ಆಗಿನ ಅಮೆರಿಕ ಅಧ್ಯಕ್ಷ ಬೈಡನ್ ಮತ್ತು ಚೀನಾದ ಷಿ ಜಿನ್‌ಪಿಂಗ್ 2024ರ ನವೆಂಬರ್‌ನಲ್ಲಿ ಒಪ್ಪಿಕೊಂಡರು. ಒಳ್ಳೆಯದೇ. ಆದರೆ ನನಗೆ ಗುಂಡಿ ಒತ್ತುವ ಕೈಗಿಂತ, ಆ ಕೈಗೆ ಸುದ್ದಿ ಮುಟ್ಟಿಸುವ ಯಂತ್ರದ ಭಯ ಜಾಸ್ತಿ.

ಎಕ್ಸ್-ರೇ ನೋಡಿ ಕ್ಷಯ ಗುರುತಿಸುವುದನ್ನು ಎಐಗೆ ಕಲಿಸಬಹುದು, ಯಾಕೆಂದರೆ ನಿಜವಾದ ರೋಗಿಗಳ ಎಕ್ಸ್-ರೇ ರಾಶಿ ರಾಶಿ ಇವೆ. ಅಣ್ವಸ್ತ್ರ ಕ್ಷಿಪಣಿ ದಾಳಿಯದ್ದು? ಪುಣ್ಯಕ್ಕೆ ಒಂದೂ ಇಲ್ಲ. ಹಾಗಾಗಿ ಅದು ಕಲಿಯಬೇಕಾದ್ದು ನಾವೇ ಕಟ್ಟಿದ ಅಣಕು ದಾಳಿಗಳಿಂದ. ಅಣಕು ದಾಳಿ, ನಿಜದ ದಾಳಿ ಬೆರೆತುಹೋದರೆ ಏನಾಗುತ್ತದೆ ಎಂಬುದು 1979ರ ನವೆಂಬರ್ 9ರಂದು ಅಮೆರಿಕದಲ್ಲಿ ಕಂಡಿತ್ತು: ತರಬೇತಿಗೆಂದು ಮಾಡಿದ ದಾಳಿಯ ದೃಶ್ಯ ನಿಜದ ಪರದೆಗಳಿಗೆ ಹೋಗಿಬಿಟ್ಟಿತ್ತು. ರಾಡಾರ್, ಉಪಗ್ರಹಗಳನ್ನು ಬೇರೆಯಾಗಿ ಪರೀಕ್ಷಿಸಿದ ಮೇಲೆ ಅಲ್ಲಿದ್ದವರು ನಿರಾಳವಾಗಿ ಉಸಿರಾಡಿದರು.

ಹಾಗೆ ಪರೀಕ್ಷಿಸಲು ಹೊತ್ತು ಬೇಕು, ಅಲ್ವಾ? ಅಮೆರಿಕ, ರಷ್ಯಾ ನಡುವೆ ಕ್ಷಿಪಣಿ ಹಾರಲು ಸುಮಾರು 30 ನಿಮಿಷ. ಭಾರತ, ಪಾಕಿಸ್ತಾನ ಅಕ್ಕಪಕ್ಕದ ಮನೆಯವರು, ಕೆಲವೇ ನಿಮಿಷ. 2022ರ ಮಾರ್ಚ್ 9ರಂದು ನಮ್ಮದೊಂದು ಕ್ಷಿಪಣಿ ಕೈತಪ್ಪಿ ಹಾರಿ ಪಾಕಿಸ್ತಾನದ ಮಿಯಾನ್ ಚನ್ನು ಬಳಿ ಬಿತ್ತು. ಅದರಲ್ಲಿ ಸಿಡಿತಲೆ ಇರಲಿಲ್ಲ, ಯಾರೂ ಸಾಯಲಿಲ್ಲ. ಅತ್ತಲಿಂದ ತಿರುಗೇಟೂ ಬರಲಿಲ್ಲ. ಬೇಗ ಉತ್ತರ ಕೊಡಲೆಂದೇ ಪಳಗಿಸಿದ ಯಂತ್ರ ಅವತ್ತು ಏನು ಸಲಹೆ ಕೊಡುತ್ತಿತ್ತೋ!

ಮೇಲಕ್ಕೆ ಚಿಮ್ಮಿ ಬಾಗಿ ಬೀಳುವ ಬ್ಯಾಲಿಸ್ಟಿಕ್ ಕ್ಷಿಪಣಿಯ ಪರೀಕ್ಷೆಗೆ ಮುಂಚೆ ಪರಸ್ಪರ ತಿಳಿಸಬೇಕೆಂದು ಎರಡೂ ದೇಶಗಳು 2005ರಲ್ಲೇ ಒಪ್ಪಂದ ಮಾಡಿಕೊಂಡಿವೆ. ವಿಮಾನದಂತೆ ಹಾರಿ ಹೋಗುವ ಕ್ರೂಸ್ ಕ್ಷಿಪಣಿ ಅದರಲ್ಲಿ ಸೇರಿಲ್ಲ. ಮೊದಲು ಅದನ್ನು ಸೇರಿಸಲಿ. ಬೈಡನ್, ಷಿ ಹೇಳಿದಂಥ ಮಾತನ್ನು ದೆಹಲಿ, ಇಸ್ಲಾಮಾಬಾದ್ ಕೂಡಾ ಜೊತೆಯಾಗಿ ಹೇಳಲಿ. ಹೇಳಿದ್ದನ್ನು ಎರಡೂ ದೇಶಗಳ ನಡುವಿನ ತುರ್ತು ಫೋನ್, ಅಂದರೆ ಹಾಟ್‌ಲೈನ್‌ನಲ್ಲಿ ಕೂತವರಿಗೂ ಮುಟ್ಟಿಸಲಿ.

ನಮಸ್ಕಾರ.