ಇಪ್ಪತ್ತೆರಡು ಕಾರು, ಒಂದೇ ತೆರೆ: ರೇಸ್ ನಿಮ್ಮ ಫೋನಿಗೆ ಬರೋದು ಹೇಗೆ?

[ತೆರೆ ಕಪ್ಪು. ಎಂಜಿನ್ ಸದ್ದು ಮಾತ್ರ. ನಿರೂಪಕ ಕ್ಯಾಮೆರಾ ಎದುರು.]

ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಯಾವ ಸ್ಟ್ಯಾಂಡಲ್ಲಿ ಕೂತ್ರೂ ಇಡೀ ಮ್ಯಾಚು ಕಣ್ಣೆದುರೇ ಇರತ್ತೆ. ಬಾಲ್ ಸರಿಯಾಗಿ ಕಾಣದೇ ಇರಬಹುದು, ಆಟ ಮಾತ್ರ ಪೂರ್ತಿ ಕಾಣತ್ತೆ. ರೇಸಿಂಗ್ ನೋಡೋರಿಗೆ ಈ ಭಾಗ್ಯ ಇಲ್ಲ. ಬೆಲ್ಜಿಯಂನ ಸ್ಪಾ ಟ್ರ್ಯಾಕ್ ಒಂದು ಸುತ್ತಿಗೆ 7 ಕಿಲೋಮೀಟರ್. ಅಲ್ಲಿವರೆಗೂ ಹೋಗಿ, ದುಡ್ಡು ಸುರಿದು ಟಿಕೆಟ್ ತಗೊಂಡ್ರೂ ಕಾರುಗಳು ನಿಮ್ಮೆದುರು ಇರೋದು ಕೆಲವೇ ಸೆಕೆಂಡು. ಕೊನೇ ಕಾರು ಹೋದ್ಮೇಲೆ ಮೊದಲನೇ ಕಾರು ಮತ್ತೆ ಬರೋವರೆಗೆ ಕಾಡು ನೋಡ್ತಾ ಕೂತಿರಬೇಕು.

ಅಂದ್ರೆ ರೇಸನ್ನ ರೇಸ್ ಥರ ನೋಡೋಕೆ ಆಗೋದು ತೆರೆ ಮೇಲೆ ಮಾತ್ರ. ಹಾಗಿದ್ಮೇಲೆ ಆ ತೆರೆ ಮೇಲೆ ಏನು ಬರಬೇಕು ಅಂತ ಯಾರು ತೀರ್ಮಾನ ಮಾಡ್ತಾರೆ? ಕಾರಿನ ನೆತ್ತಿ ಮೇಲಿನ ಕ್ಯಾಮೆರಾದಿಂದ ಬಸವನಗುಡಿಯಲ್ಲಿ ಕೂತಿರೋ ನಿಮ್ಮ ಫೋನಿಗೆ ಆ ಚಿತ್ರ ಬರೋದು ಯಾವ ದಾರೀಲಿ?

[ದೃಶ್ಯ: ಕಾರಿನ ಮೇಲ್ಭಾಗದ ಚಿಕ್ಕ ಪೆಟ್ಟಿಗೆ, ವೃತ್ತ ಹಾಕಿ ತೋರಿಸಿ]

ಮೊದಲು ಕ್ಯಾಮೆರಾ. ಫಾರ್ಮುಲಾ ಒನ್ ಕಾರಲ್ಲಿ ಡ್ರೈವರ್ ತಲೆ ಹಿಂದೆ, ಮೇಲ್ಗಡೆ, ಕೊಂಬಿನ ಥರ ಒಂದು ಚಿಕ್ಕ ಪೆಟ್ಟಿಗೆ ಇರತ್ತಲ್ಲ, ಅದು ಟಿ-ಕ್ಯಾಮ್. ಒಂದು ತಂಡದ ಎರಡೂ ಕಾರು ನೋಡೋಕೆ ಒಂದೇ ಥರ, ಯಾರ್ಯಾರು ಅಂತ ಗೊತ್ತಾಗಲ್ಲ ಅಂತ ತುಂಬಾ ಜನ ಕೇಳ್ತಾರೆ. ಆ ಪೆಟ್ಟಿಗೆ ಬಣ್ಣ ನೋಡಿ: ತಂಡದ ಮೊದಲ ಕಾರಿಗೆ ಕಪ್ಪು, ಎರಡನೇ ಕಾರಿಗೆ ಹಳದಿ. ಆ ಕ್ಯಾಮೆರಾದ ಲೆನ್ಸ್ ಮುಂದೆ ಪಾರದರ್ಶಕ ಫಿಲ್ಮಿನ ಸುರುಳಿ ಇರತ್ತೆ. ಎಣ್ಣೆ, ರಬ್ಬರ್ ಚೂರು ಸಿಡಿದು ಗಲೀಜಾದ್ರೆ ಸುರುಳಿ ಒಂಚೂರು ಸರಿಯತ್ತೆ, ಲೆನ್ಸ್ ಮತ್ತೆ ಕ್ಲೀನ್. 2023ರಿಂದ ಎಲ್ಲಾ ಡ್ರೈವರ್‌ಗಳ ಹೆಲ್ಮೆಟ್ ಒಳಗೂ ಕಣ್ಣಿನ ಪಕ್ಕದ ಪ್ಯಾಡಿಂಗ್‌ನಲ್ಲಿ ಎಂಟು ಮಿಲಿಮೀಟರಿನ ಪುಟಾಣಿ ಕ್ಯಾಮೆರಾ ಕಡ್ಡಾಯ ಆಯ್ತು. ಮೊನಾಕೋದಲ್ಲಿ ಗೋಡೆ ಎಷ್ಟು ಹತ್ರ ಇದೆ ಅಂತ ನಿಜವಾಗ್ಲೂ ಹೊಟ್ಟೆಗೆ ಗೊತ್ತಾಗೋದು ಅದರಲ್ಲಿ ನೋಡಿದಾಗ.

ಇದಕ್ಕೆಲ್ಲ ಶುರು ಎಲ್ಲಿ ಅಂದ್ರೆ, 1985ರ ಜರ್ಮನ್ ಗ್ರ್ಯಾನ್ ಪ್ರೀ. ರೆನೋ ತಂಡ ಮೂರನೇದೊಂದು ಕಾರು ಇಳಿಸಿ, ಫ್ರಾನ್ಸ್‌ವಾ ಎನೋ ಅನ್ನೋ ಡ್ರೈವರನ್ನ ಕೂರಿಸಿ, ಅದರಲ್ಲಿ ಕ್ಯಾಮೆರಾ ಇಟ್ಟು ರೇಸ್ ನಡೀತಿರುವಾಗಲೇ ನೇರವಾಗಿ ತೋರಿಸ್ತು. ಪಾಪ, ಎಂಟನೇ ಸುತ್ತಿನ ಹೊತ್ತಿಗೆ ಕ್ಲಚ್ ಹೋಯ್ತು.

[ದೃಶ್ಯ: ಟ್ರ್ಯಾಕ್ ನಕ್ಷೆಯಿಂದ ಇಂಗ್ಲೆಂಡಿಗೆ ಗೆರೆ]

ಈಗ ಚಿತ್ರದ ಪ್ರಯಾಣ. ಕಾರಿಂದ ರೇಡಿಯೋ ಅಲೆಗಳಲ್ಲಿ ಹೊರಟ ಚಿತ್ರ ಟ್ರ್ಯಾಕ್ ಸುತ್ತ ನಿಲ್ಲಿಸಿರೋ ಆಂಟೆನಾಗಳಿಗೆ ಸಿಗತ್ತೆ. ಅಲ್ಲಿಂದ ಕೇಬಲ್ಲಲ್ಲಿ ಟ್ರ್ಯಾಕಿನ ತಾಂತ್ರಿಕ ಕೇಂದ್ರಕ್ಕೆ. ಅಲ್ಲಿಂದ ಫೈಬರಲ್ಲಿ ಲಂಡನ್ ದಕ್ಷಿಣಕ್ಕಿರೋ ಬಿಗಿನ್ ಹಿಲ್‌ಗೆ. ಹಿಂದೆ ನಿರ್ಮಾಣದ ತಂಡ ಬಹುಪಾಲು ಟ್ರ್ಯಾಕಿಗೇ ಹೋಗ್ತಿತ್ತು. 2020ರಲ್ಲಿ ಕೋವಿಡ್ ಬಂದಾಗ ಕೆಲಸದ ದೊಡ್ಡ ಪಾಲು ಬಿಗಿನ್ ಹಿಲ್‌ಗೆ ಸ್ಥಳಾಂತರ ಆಯ್ತು, ಅಲ್ಲೇ ಉಳೀತು. ರೇಸ್ ಸಿಂಗಾಪುರದಲ್ಲಿರಲಿ, ಬ್ರೆಜಿಲ್‌ನಲ್ಲಿರಲಿ, ಗ್ರಾಫಿಕ್ಸು, ರಿಪ್ಲೇ, ತಂಡದ ರೇಡಿಯೋ ಎಲ್ಲಾ ಇಂಗ್ಲೆಂಡಿನ ಒಂದು ಕಟ್ಟಡದಲ್ಲಿ ಸಿದ್ಧ ಆಗತ್ತೆ. ಈ ಜಾಲಕ್ಕೆ 2012ರಲ್ಲಿ ಮೊದಲ ಸಲ, 2022ರಲ್ಲಿ ಮತ್ತೆ ಕೈ ಜೋಡಿಸಿದ್ದು ನಮ್ಮ ಟಾಟಾ ಕಮ್ಯುನಿಕೇಷನ್ಸ್.

ಹೀಗೆ ಸಿದ್ಧ ಆಗೋದು ವರ್ಲ್ಡ್ ಫೀಡ್. ಇದು ಇಡೀ ಪ್ರಪಂಚಕ್ಕೆ ಒಂದೇ. ನಿಮಗೂ, ಇಟಲಿಯ ಫೆರಾರಿ ಅಭಿಮಾನಿಗೂ ಅದೇ ಚಿತ್ರ, ಬೇರೆ ಆಗೋದು ಕಾಮೆಂಟರಿ ಮಾತ್ರ. ಹಿಂದೆ ಹಾಗಿರಲಿಲ್ಲ. ಆಯಾ ದೇಶದ ಟಿವಿಯವರೇ ತಮ್ಮೂರ ರೇಸ್ ಚಿತ್ರಿಸೋರು, ಕ್ಯಾಮೆರಾ ತಮ್ಮ ಹುಡುಗನ ಕಡೆಗೇ ವಾಲತ್ತೆ ಅನ್ನೋ ದೂರು ಇದ್ದೇ ಇತ್ತು. ಒಂದೊಂದಾಗಿ ಎಲ್ಲವೂ ಫಾರ್ಮುಲಾ ಒನ್ ಸಂಸ್ಥೆಯ ಕೈಗೆ ಬಂದ್ರೂ ಮೊನಾಕೋ ಮಾತ್ರ 2022ರವರೆಗೆ ಜಗ್ಗಲಿಲ್ಲ.

ಮೊನಾಕೋ ಅಂದ್ರೆ 2021 ನೆನಪಾಗತ್ತೆ. ಸೆಬಾಸ್ಟಿಯನ್ ವೆಟ್ಟೆಲ್ ಟೈರ್ ಬದಲಿಸಿಕೊಂಡು ಪಿಟ್‌ನಿಂದ ಹೊರಗೆ ಬರ್ತಾ ಪಿಯೆರ್ ಗ್ಯಾಸ್ಲಿ ಜೊತೆ ಚಕ್ರಕ್ಕೆ ಚಕ್ರ ತಾಗೋ ಹಾಗೆ ಏರು ಹತ್ತುತ್ತಿದ್ದಾರೆ. ಓವರ್‌ಟೇಕ್ ಅನ್ನೋದೇ ಅಪರೂಪ ಇರೋ ಊರಲ್ಲಿ ಅದು ಹಬ್ಬ. ಅಷ್ಟರಲ್ಲಿ ನಿರ್ದೇಶಕ ಮಹಾಶಯರು ಕಟ್ ಮಾಡಿ ಲ್ಯಾನ್ಸ್ ಸ್ಟ್ರೋಲ್ ಟ್ರ್ಯಾಕ್ ಅಂಚಿನ ಕರ್ಬ್ ಹತ್ತಿದ ರಿಪ್ಲೇ ಹಾಕಿದ್ರು! ಅವತ್ತು ಶುರುವಾದ ಮೀಮು ಇನ್ನೂ ನಿಂತಿಲ್ಲ.

ನಿರ್ದೇಶಕರನ್ನ ಬೈಯೋದು ಸುಲಭ, ಬಿಡಿ. ಎದುರಿಗೆ ಹತ್ತಾರು ಕ್ಯಾಮೆರಾಗಳ ಚಿತ್ರ, ಎಲ್ಲಿ ಜಗಳ ಹತ್ತಿಕೊಳ್ಳತ್ತೆ ಅಂತ ಮುಂಚೆನೇ ಊಹಿಸಬೇಕು. ಆದ್ರೆ 2025ರ ಸಿಂಗಾಪುರ ರೇಸ್ ಆದ್ಮೇಲೆ ಡ್ರೈವರ್ ಕಾರ್ಲೋಸ್ ಸೈನ್ಜ್ ಹೇಳಿದ್ದು ನನಗೂ ಸರಿ ಅನ್ಸತ್ತೆ: ಸೆಲೆಬ್ರಿಟಿಗಳನ್ನ, ಡ್ರೈವರ್‌ಗಳ ಗೆಳತಿಯರನ್ನ ತೋರಿಸೋ ಗಡಿಬಿಡೀಲಿ ಓವರ್‌ಟೇಕ್‌ಗಳೇ ತಪ್ಪಿಹೋಗ್ತಿವೆ ಅಂತ. ಇನ್ನೊಂದು ಗಮನಿಸಿ, ತಂಡದ ರೇಡಿಯೋ ನೀವು ಕೇಳೋದು ಆ ಕ್ಷಣದ್ದಲ್ಲ. ಆಯ್ದು, ಬೈಗುಳಕ್ಕೆ ಬೀಪ್ ಹಾಕಿ, ಸ್ವಲ್ಪ ಹೊತ್ತಾದ್ಮೇಲೆ ಬಿಡೋದು. ಡ್ರೈವರ್ “ಟೈರ್ ಹೋಯ್ತು” ಅಂತ ಗೋಳಾಡೋದು ಕೇಳೋ ಹೊತ್ತಿಗೆ ಅವನು ಎಷ್ಟೋ ತಿರುವು ದಾಟಿರಬಹುದು.

[ದೃಶ್ಯ: ಫೋನಲ್ಲಿ ತಿರುಗುತ್ತಿರೋ ಬಫರಿಂಗ್ ಚಕ್ರ]

ಈಗ ಎಲ್ಲರಿಗೂ ಉರಿಯೋ ವಿಷಯ. ನಿಮ್ಮ ಫೋನಲ್ಲಿ ಇನ್ನೂ ಸೇಫ್ಟಿ ಕಾರ್ (ಅಪಘಾತ ಆದಾಗ ಎಲ್ಲರನ್ನೂ ನಿಧಾನ ಮಾಡಿಸೋ ಕಾರು) ಬಂದಿಲ್ಲ, ಪಕ್ಕದ ಫ್ಲಾಟಿಂದ “ಅಯ್ಯೋ!” ಅಂತ ಕೂಗು. ಇಂಗ್ಲೆಂಡ್ ದೂರ ಅಲ್ವಾ, ಅದಕ್ಕೇ ತಡ ಅಂತ ಅಂದುಕೊಂಡ್ರೆ ತಪ್ಪು. ಫೈಬರಲ್ಲಿ ಅಷ್ಟು ದೂರ ಬರೋಕೆ ಒಂದು ಸೆಕೆಂಡೂ ಬೇಡ. ತಡ ಆಗೋದು ಕೊನೇ ಹಂತದಲ್ಲಿ. ಸ್ಟ್ರೀಮಿಂಗ್ ಆ್ಯಪ್ ವಿಡಿಯೋವನ್ನ ಕೆಲವು ಸೆಕೆಂಡಿನ ತುಂಡುಗಳಾಗಿ ಕತ್ತರಿಸತ್ತೆ. ಪ್ರತಿ ತುಂಡನ್ನೂ ಹಲವು ಗುಣಮಟ್ಟದಲ್ಲಿ ತಯಾರು ಮಾಡತ್ತೆ, ಯಾಕಂದ್ರೆ ಒಬ್ಬರ ಮನೇಲಿ ಫೈಬರ್ ಇರತ್ತೆ, ಇನ್ನೊಬ್ಬರು ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಕ್ಯಾಬ್ ಒಳಗೆ ಇರ್ತಾರೆ. ಫೋನು ಅಂಥ ಎರಡು ಮೂರು ತುಂಡು ಮುಂಚೆನೇ ಇಳಿಸಿಕೊಂಡು ಆಮೇಲೆ ಆಡಿಸತ್ತೆ. ಒಂದು ತುಂಡು ಆರು ಸೆಕೆಂಡು ಅಂತ ಇಟ್ಕೊಳ್ಳಿ, ಮೂರಕ್ಕೆ ಹದಿನೆಂಟು. ಮೇಲೆ ಉಳಿದ ಕೆಲಸದ ಸಮಯ. ತಡ ಕಮ್ಮಿ ಮಾಡಿದ್ರೆ ಬಫರಿಂಗ್ ಜಾಸ್ತಿ, ಬಫರಿಂಗ್ ಕಮ್ಮಿ ಮಾಡಿದ್ರೆ ತಡ ಜಾಸ್ತಿ. ಆದ್ದರಿಂದ ರೇಸ್ ಹೊತ್ತಲ್ಲಿ ನೋಟಿಫಿಕೇಶನ್ ಆಫ್, ವಾಟ್ಸಾಪ್ ಗ್ರೂಪ್ ಮ್ಯೂಟ್.

ನಮ್ಮ ದೇಶದ ಕಥೆ ಚುಟುಕಾಗಿ. ನಾರಾಯಣ್ ಕಾರ್ತಿಕೇಯನ್ 2005ರಲ್ಲಿ ಜೋರ್ಡನ್ ತಂಡದ ಫಾರ್ಮುಲಾ ಒನ್ ಕಾರು ಓಡಿಸಿದಾಗ, 2011ರಿಂದ 2013ರವರೆಗೆ ದೆಹಲಿ ಹತ್ತಿರದ ಬುದ್ಧ ಸರ್ಕ್ಯೂಟಲ್ಲಿ ವೆಟ್ಟೆಲ್ ಮೂರಕ್ಕೆ ಮೂರೂ ಗೆದ್ದಾಗ, ನಾವು ನೋಡಿದ್ದು ಕೇಬಲ್ ಟಿವಿಯಲ್ಲಿ. 2022ರ ಕೊನೆಗೆ ಸ್ಟಾರ್ ಸ್ಪೋರ್ಟ್ಸ್ ಜೊತೆಗಿನ ನಂಟು ಮುಗೀತು. 2023ರಲ್ಲಿ ಎಫ್1 ಟಿವಿ ಆ್ಯಪ್ ಬಂತು, 2024ರಿಂದ ಫ್ಯಾನ್‌ಕೋಡ್. ಆ್ಯಪ್ ಬಂದು ಆನ್‌ಬೋರ್ಡ್ (ಕಾರಿನ ಕ್ಯಾಮೆರಾ) ಆಯ್ಕೆ, ಪ್ರಾಕ್ಟೀಸು ಎಲ್ಲಾ ಸಿಕ್ಕಿದ್ದು ಒಳ್ಳೇದೇ. ಆದ್ರೆ ಭಾನುವಾರ ಸಂಜೆ ಆರೂವರೆಗೆ ಚಾನೆಲ್ ಬದಲಾಯಿಸ್ತಾ ಇದ್ದಾಗ ಅಕಸ್ಮಾತ್ ರೇಸ್ ಕಂಡು, “ಇದೇನಪ್ಪಾ ಇದು” ಅಂತ ರಿಮೋಟ್ ಕೆಳಗಿಟ್ಟ ಹುಡುಗ ಹುಡುಗಿಯರು ಎಷ್ಟು ಜನ ಇದ್ರು! ಹುಡುಕಿಕೊಂಡು ಹೋಗೋರಿಗೆ ಮಾತ್ರ ಆ್ಯಪ್ ಸಿಗತ್ತೆ. ನಮ್ಮ ಬೆಂಗಳೂರಿನ ಕುಶ್ ಮೈನಿ 2025ರ ಮೇ ತಿಂಗಳಲ್ಲಿ ಮೊನಾಕೋದಲ್ಲಿ ಫಾರ್ಮುಲಾ ಒನ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಫಾರ್ಮುಲಾ ಟೂನ ಸ್ಪ್ರಿಂಟ್, ಅಂದ್ರೆ ಚಿಕ್ಕ ರೇಸ್ ಗೆದ್ದಾಗ ಈ ಊರಲ್ಲಿ ಎಷ್ಟು ಮನೆಗಳಲ್ಲಿ ಟಿವಿ ಆನ್ ಆಗಿತ್ತು? ಕಬಡ್ಡಿಗೆ, ಕ್ರಿಕೆಟ್ಟಿಗೆ ಕನ್ನಡ ಕಾಮೆಂಟರಿ ಬಂದ್ಮೇಲೆ ಅಜ್ಜಿಯರೂ ಕೂತು ನೋಡ್ತಿದ್ದಾರೆ. ರೇಸಿಗೂ ಬೇಕು.

[ದೃಶ್ಯ: ಕಾಫಿ ತೋಟದ ಮಣ್ಣು ರಸ್ತೆ, ಧೂಳು]

ಕೊನೇದಾಗಿ ರ‍್ಯಾಲಿ. ಇದು ನಮಗೆ ಹತ್ತಿರದ್ದು. ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ನ ಕೆ-1000 ಇದೆ, ಚಿಕ್ಕಮಗಳೂರಿನ ತೋಟಗಳಲ್ಲಿ ನಡೆಯೋ ರ‍್ಯಾಲಿ ಇದೆ. ಟಿವಿಗೆ ಇದರಷ್ಟು ತಲೆನೋವಿನ ಆಟ ಇನ್ನೊಂದಿಲ್ಲ. ಸುತ್ತು ಅನ್ನೋದೇ ಇಲ್ಲ, ಕಾರುಗಳು ಒಂದೊಂದಾಗಿ ಬಿಡುವು ಕೊಟ್ಟು ಹೊರಡ್ತವೆ, ಕಾಡಲ್ಲಿ ಮಾಯ ಆಗ್ತವೆ. ಮರಗಳ ಅಡ್ಡ, ಬೆಟ್ಟದ ಅಡ್ಡ, ಆಂಟೆನಾ ನೆಟ್ಟು ಪ್ರಯೋಜನ ಇಲ್ಲ. ವಿಶ್ವ ರ‍್ಯಾಲಿ ಚಾಂಪಿಯನ್‌ಶಿಪ್‌ನವರು ಏನು ಮಾಡ್ತಾರೆ ಗೊತ್ತಾ? ಆಕಾಶದಲ್ಲಿ ವಿಮಾನ ಸುತ್ತಿಸ್ತಾರೆ! ಕಾರಿನ ಕ್ಯಾಮೆರಾದ ಚಿತ್ರ ಮೇಲಕ್ಕೆ ಹೋಗಿ ವಿಮಾನದಿಂದ ಕೆಳಗಿಳಿಯತ್ತೆ. 2018ರಿಂದ ಅವರು ಪ್ರತಿ ಸ್ಟೇಜನ್ನೂ, ಅಂದ್ರೆ ಸಮಯ ಅಳೆಯೋ ರಸ್ತೆಯ ಪ್ರತಿ ಭಾಗವನ್ನೂ, ನೇರವಾಗಿ ತೋರಿಸ್ತಿರೋದು ಹೀಗೆ.

ನಮ್ಮಲ್ಲಿ ವಿಮಾನಕ್ಕೆಲ್ಲಿಯ ದುಡ್ಡು? ಹಾಗಾಗಿ ನಮಗೆ ಹೆಚ್ಚಾಗಿ ಸಿಗೋದು ಮುಖ್ಯಾಂಶ, ಆಮೇಲೆ ತೋಟದ ಬೇಲಿ ಪಕ್ಕ ನಿಂತವರ ಮೊಬೈಲ್ ಕ್ಲಿಪ್ಪು. ಆದ್ರೆ ಪೂರ್ತಿ ತೋರಿಸೋಕೆ ಆಗದಿದ್ರೆ ಏನೂ ತೋರಿಸಬಾರದು ಅಂತೇನಿಲ್ಲ. ಸ್ಟೇಜಿನ ಆರಂಭಕ್ಕೊಂದು, ಮುಗಿಯೋ ಕಡೆಗೊಂದು ಕ್ಯಾಮೆರಾ. ನಾಲ್ಕಾರು ಸಿಮ್‌ಗಳ ಡೇಟಾ ಒಟ್ಟುಗೂಡಿಸಿ ವಿಡಿಯೋ ಕಳಿಸೋ ಬಾಂಡಿಂಗ್ ಪೆಟ್ಟಿಗೆ, ನ್ಯೂಸ್ ಚಾನೆಲ್ ವರದಿಗಾರರ ಬೆನ್ನ ಮೇಲೆ ಇರತ್ತಲ್ಲ, ಅದು. ಪಕ್ಕದಲ್ಲಿ ಓಡೋ ಗಡಿಯಾರ, ಕನ್ನಡದಲ್ಲಿ ಮಾತಾಡೋಕೆ ರ‍್ಯಾಲಿ ಓಡಿಸಿ ಗೊತ್ತಿರೋರು ಒಬ್ಬರು. ಮೊದಲ ಕಾರಿನ ಸಮಯ ತೆರೆ ಮೇಲಿದ್ರೆ ಎರಡನೇ ಕಾರು ತಿರುವಲ್ಲಿ ಕಾಣಿಸೋವರೆಗೆ ಕಾಯೋದೇ ಅರ್ಧ ಮಜಾ.

ಆ ಗಡಿಯಾರದ ಲೆಕ್ಕ, ಅಂದ್ರೆ ಟೈಮಿಂಗ್ ಶೀಟ್ ಓದೋದು ಹೇಗೆ ಅನ್ನೋದು ಮುಂದಿನ ವಿಡಿಯೋ. ನಿಮ್ಮ ಮನೇಲಿ ಸ್ಟ್ರೀಮ್ ಎಷ್ಟು ಸೆಕೆಂಡ್ ತಡ, ಯಾವ ಏರಿಯಾ, ಕಾಮೆಂಟಲ್ಲಿ ಹಾಕಿ.