ಫ್ರಿಸ್ಕೋದಲ್ಲಿ ನಮ್ಮ ಮನೆ: ತಿಂಗಳ ಕಂತು 1,150 ಡಾಲರ್ ಏರಿದ್ದು ಹೇಗೆ?

ನಮಸ್ಕಾರ. ಈಗ ಪ್ರೆಸ್ಟನ್ ರೋಡಿನಲ್ಲಿದ್ದೇವೆ. ಡಾಲಸ್‌ನಿಂದ ಉತ್ತರಕ್ಕೆ, ಟೆಕ್ಸಸ್‌ನ ಫ್ರಿಸ್ಕೋ ಊರು. ಎಲ್ಲಿ ನೋಡಿದರೂ ಹೊಸ ಮನೆಗಳು, ಅಲ್ವಾ? 1990ರಲ್ಲಿ ಇಲ್ಲಿದ್ದವರು 6,000 ಚಿಲ್ಲರೆ ಜನ. 2000ಕ್ಕೆ 33,714. 2020ರ ಜನಗಣತಿಯಲ್ಲಿ 2,00,509! ನಾಲ್ವರಲ್ಲಿ ಒಬ್ಬರಿಗಿಂತ ಜಾಸ್ತಿ ಏಷ್ಯಾ ಮೂಲದವರು. ಕರಿಬೇವಿಗೆ ಪರದಾಡುವ ಕಾಲ ಹೋಯಿತು.

ಇದು ನಮ್ಮ ಮನೆ. ಒಳಗಡೆ ಹಿಂದಿನ ವಿಡಿಯೋದಲ್ಲಿ ತೋರಿಸಿದ್ದೇನೆ. ಇವತ್ತು ಮನೆ ಸಾಲ ಕೊಟ್ಟವರು ಕಳಿಸಿದ ಈ ಕಾಗದ ನೋಡಿ.

ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ ಅಂತ ಎಲ್ಲರೂ ಖುಷಿಪಡುತ್ತಾರೆ. ಮನೆ ತೆರಿಗೆ ಇದೆಯಲ್ಲ! ಜನವರಿ 1ರಂದು ಆಸ್ತಿ ಹೇಗಿರುತ್ತದೋ ಅದಕ್ಕೆ ಬೆಲೆ ಕಟ್ಟುತ್ತಾರೆ. ನಾವು ತಗೊಂಡ ವರ್ಷ ಆ ದಿನ ಇಲ್ಲಿ ಬರೀ ಸೈಟ್ ಇತ್ತು. ಸಾಲ ಕೊಟ್ಟವರು ಆ ಸೈಟಿನ ತೆರಿಗೆಯನ್ನೇ ಲೆಕ್ಕ ಹಿಡಿದು, ನಮ್ಮ ಪರವಾಗಿ ತಾವೇ ಕಟ್ಟಲು ಕಂತಿನ ಜೊತೆ ವರ್ಷಕ್ಕೆ 2,700 ಡಾಲರ್ ತಗೊಂಡು ಎತ್ತಿಟ್ಟರು. ಮರುವರ್ಷ ಕಟ್ಟಿದ ಮನೆಗೆ ಬಿಲ್ ಬಂತು, 9,600. ಕಡಿಮೆ ಬಿದ್ದ 6,900 ಡಾಲರ್ 12 ತಿಂಗಳಿಗೆ ಹಂಚಿದರೆ 575. ಮುಂದಿನ ವರ್ಷದ ತೆರಿಗೆಗೂ ಅಷ್ಟೇ ಜಾಸ್ತಿ ಹಿಡಿಯಬೇಕು, ಮತ್ತೆ 575. ಒಂದೇ ಕಾಗದದಲ್ಲಿ ಕಂತು 1,150 ಡಾಲರ್ ಏರಿತು. ಆ ರಾತ್ರಿ ನಮಗಿಬ್ಬರಿಗೂ ನಿದ್ದೆ ಬರಲಿಲ್ಲ. ಅಷ್ಟು ಕಡೆ ಸಹಿ ಹಾಕಿಸಿಕೊಂಡರು, ಒಬ್ಬರಾದರೂ ಒಂದು ಮಾತು ಹೇಳಬಾರದಿತ್ತೇ? ಹೊಸ ಮನೆ ನೋಡುತ್ತಿರುವವರು ಪೂರ್ತಿ ಮನೆಯ ತೆರಿಗೆ ಎಷ್ಟು ಅಂತ ಮೊದಲೇ ಕೇಳಿ. ವಾಸ ಶುರುವಾದ ಮೇಲೆ, ನಾವೇ ಇರುವ ಮನೆಗೆ ತೆರಿಗೆ ಇಳಿಸುವ ಹೋಮ್‌ಸ್ಟೆಡ್ ವಿನಾಯಿತಿಗೆ ಅರ್ಜಿ ಹಾಕಿ. ನನ್ನನ್ನು ಕೇಳಿದರೆ, ಇಲ್ಲಿ ಮನೆ ತಗೊಳ್ಳಲೇಬೇಡಿ.

ಈ ಪೈಪ್ ಯಾಕೆ ಅಂತೀರಾ? ಇಲ್ಲಿನದು ಕರಿ ಎರೆಮಣ್ಣು, ನಮ್ಮ ಗದಗಿನ ಕಡೆ ಇರುವಂಥದ್ದೇ. ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆ ಬಂದರೆ ಉಬ್ಬುತ್ತದೆ. ಪಾಯ ಅಲುಗಾಡಬಾರದು ಅಂತ ಸುತ್ತ ನೀರು ಬಿಡುತ್ತೇವೆ. ಅಪ್ಪಾಜಿ ಫೋನಿನಲ್ಲಿ, "ಬೆಳಿಗೆ ನೀರು ಬಿಡೋದು ಗೊತ್ತು, ಪಾಯಕ್ಕ ಬಿಡೋದು ಎಲ್ಲೂ ಕೇಳಿಲ್ಲೋ" ಅಂದರು. ಊರಲ್ಲಿ ಈಗ ಕಡಲೆ ಬಿತ್ತನೆ... ಸರಿ, ಶಾಲೆ ಬಂತು.

ಮಗಳು ಓಡಿ ಬರುತ್ತಿದ್ದಾಳೆ ನೋಡಿ. ನಮ್ಮ ತೆರಿಗೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗುವುದು ಶಾಲೆಗಳಿಗೆ. ಇವಳ ಮುಖ ನೋಡಿದರೆ ಆಗ ಮನೆ ತಗೊಳ್ಳಲೇಬೇಡಿ ಅಂದ ಮಾತು ವಾಪಸ್ ತಗೊಳ್ಳಬೇಕು ಅನ್ನಿಸುತ್ತದೆ. ಆದರೆ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗುತ್ತಿದ್ದಾರೆ. ಇಲ್ಲಿ ನಡುಮಟ್ಟದ ಕುಟುಂಬದ ಆದಾಯವೇ ವರ್ಷಕ್ಕೆ 1,40,000 ಡಾಲರ್ ದಾಟುತ್ತದೆ, ಮನೆ ಬೆಲೆಯೂ ಅದಕ್ಕೆ ತಕ್ಕ ಹಾಗೇ ಇದೆ. ಈಗಷ್ಟೇ ಸಂಸಾರ ಹೂಡಿದವರು ಈ ಬೆಲೆಗೆ ಹೇಗೆ ಮನೆ ತಗೊಳ್ಳಬೇಕು? ಇವಳಿಗೆ ಪಾಠ ಹೇಳುವ ಟೀಚರ್ ಇಲ್ಲಿ ಮನೆ ತಗೊಳ್ಳಲಾಗದೆ ದಿನಾ ಬೇರೆ ಊರಿನಿಂದ ಬರುತ್ತಾರೆ. ಅದು ಸರಿಯಲ್ಲ.

ಇದು ಕಾರ್ಯಸಿದ್ಧಿ ಹನುಮಾನ್ ದೇವಸ್ಥಾನ. ಮೈಸೂರಿನ ಗಣಪತಿ ಸಚ್ಚಿದಾನಂದ ಸ್ವಾಮೀಜಿಯವರು ಸ್ಥಾಪಿಸಿದ್ದು. ಒಳಗೆ ಕ್ಯಾಮೆರಾ ತರುವುದಿಲ್ಲ. ಹಾಂ, ತೆರಿಗೆಗಾಗಿ ಮನೆಗೆ ಕಟ್ಟಿದ ಬೆಲೆ ಜಾಸ್ತಿ ಅನ್ನಿಸಿದರೆ ತಕರಾರು ಹಾಕಬಹುದು, ಸಾಮಾನ್ಯವಾಗಿ ಮೇ 15ರೊಳಗೆ. ಈ ಸಲ ನಾನೂ ಹಾಕುತ್ತೇನೆ. ಎಷ್ಟು ಇಳಿಸಿದರು ಅಂತ ಕಾಗದದ ಸಮೇತ ತೋರಿಸುತ್ತೇನೆ.