ಶೆಡ್ಡಿನಲ್ಲಿ ನಿಂತ ಕಾರು

ಕೇಳುಗರಿಗೆ ನಮಸ್ಕಾರ.

ಕಳೆದ ಮಳೆಗಾಲ, ಬೆಳಗಿನ ಜಾವ. ಮನೆಯವಳನ್ನು ಶಿರವಾಡದ ರೈಲ್ವೆ ಸ್ಟೇಷನ್ನಿಗೆ ಬಿಡಬೇಕಿತ್ತು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಬ್ಯಾಗು. ಕಾರಿನ ರಿಮೋಟ್ ಒತ್ತಿದೆ. ಸದ್ದೇ ಇಲ್ಲ. ಬಾಗಿಲು ಕೂಡ ತೆರೆಯಲಿಲ್ಲ. ರಿಮೋಟಿನ ಹೊಟ್ಟೆಯೊಳಗೆ ಒಂದು ಪುಟ್ಟ ಕಬ್ಬಿಣದ ಕೀ ಇರುತ್ತದೆ, ಇಂಥ ಹೊತ್ತಿಗೇ ಅಂತ ಇಟ್ಟದ್ದು. ಅದು ನನಗೆ ಗೊತ್ತಾದದ್ದು ಆಮೇಲೆ. ರಿಕ್ಷಾದಲ್ಲಿ ಹೋದೆವು. ದಾರಿಯುದ್ದಕ್ಕೂ ಅವಳು ಮಾತೇ ಆಡಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಕಾರು ಮಗನದು. ದುಬೈಗೆ ಹೋಗುವಾಗ ಬಿಟ್ಟುಹೋದ. ಮೇ ತಿಂಗಳಲ್ಲಿ ಶಿರಸಿಯ ಒಂದು ಮದುವೆಗೆ ಹೋಗಿಬಂದ ಮೇಲೆ ಶೆಡ್ಡಿನಲ್ಲೇ ಇತ್ತು. ಕಾರವಾರದಲ್ಲಿ ಮಳೆ ಹಿಡಿದರೆ ಸುಮ್ನೆ ಯಾರು ಕಾರು ತೆಗೀತಾರೆ? ನಮ್ಮ ಕೇರಿಯಲ್ಲೇ ಇಂಥ ನಾಲ್ಕು ಕಾರುಗಳಿವೆ. ಮಕ್ಕಳು ಗೋವೆಯಲ್ಲೋ ಬೆಂಗಳೂರಲ್ಲೋ. ಕಾರು ಅಲುಗಾಡುವುದು ಚೌತಿಗೆ.

ಎಲೆಕ್ಟ್ರಿಷಿಯನ್ ಬಂದು ಬ್ಯಾಟರಿಗೆ ಮೀಟರ್ ಹಿಡಿದ. 11.4 ವೋಲ್ಟ್. ‘12.6 ಇರಬೇಕು ಸರ್. 12ಕ್ಕೆ ಇಳಿದ್ರೇ ಹೆಚ್ಚುಕಡಿಮೆ ಖಾಲಿ’ ಅಂದ. ಚಾರ್ಜ್ ಮಾಡಿ ತಂದ ಮೇಲೆ ಮೈನಸ್ ವೈರ್ ಬಿಚ್ಚಿ, ನಿಂತ ಕಾರು ಎಷ್ಟು ಕರೆಂಟು ಎಳೆಯುತ್ತದೆ ಅಂತ ನೋಡಲು ನಡುವೆ ಮೀಟರ್ ಸೇರಿಸಿ, ಕಾರು ಲಾಕ್ ಮಾಡಿದ. ಮೊದಲು ಅಂಕಿ ಆಂಪಿಯರ್‌ಗಳಲ್ಲೇ ಇತ್ತು. ಕಾರಿನೊಳಗಿನ ಕಂಪ್ಯೂಟರ್‌ಗಳು ಒಂದೊಂದಾಗಿ ನಿದ್ದೆಗೆ ಹೋದ ಹಾಗೆ ಇಳಿಯುತ್ತ ಬಂತು. 20 ನಿಮಿಷಕ್ಕೆ 30 ಮಿಲಿಆಂಪಿಯರ್, ಅಂದರೆ ಒಂದು ಆಂಪಿಯರಿನ ಸಾವಿರದಲ್ಲಿ 30 ಪಾಲು. ‘50ರ ಒಳಗಿದ್ರೆ ತಲೆಬಿಸಿ ಬೇಡ’ ಅಂದ.

ಅಷ್ಟರಲ್ಲಿ ಮನೆಯವಳು ಚಾ ತಂದಳು. ಅಂಕಿ ಛಂಗನೆ ಮೇಲೆ ಹಾರಿತು. ಅವಳ ಹೆಗಲ ಚೀಲದಲ್ಲಿ ಕೀ ಇತ್ತು! ‘ಕೀ ಹತ್ತಿರ ಬಂದ್ರೆ ಗಾಡಿಗೆ ಎಚ್ಚರ ಆಗ್ತದೆ’ ಅಂದ ಅವನು. ಎಲ್ಲ ಕಾರಿನಲ್ಲೂ ಹೀಗಿಲ್ಲ, ಸ್ಮಾರ್ಟ್ ಕೀ ಇರುವ ಕೆಲವಕ್ಕೆ ಈ ಗುಣ ಇದೆ. ನಾವೋ, ಕೀಯನ್ನು ಶೆಡ್ಡಿನ ಗೋಡೆಗೆ ಹೊಡೆದ ಮೊಳೆಗೇ ನೇತುಹಾಕುತ್ತಿದ್ದೆವು.

ಈಗ ಒಂದು ಚಿಕ್ಕ ಲೆಕ್ಕ. ನಮ್ಮ ಬ್ಯಾಟರಿ 45 ಆಂಪಿಯರ್-ಅವರ್, ಅಂದರೆ ಒಂದು ಆಂಪಿಯರಿನಂತೆ 45 ಗಂಟೆ ಕೊಡುವಷ್ಟು. ಅಲಾರಂ, ಗಡಿಯಾರ, ರಿಮೋಟಿಗೆ ಕಿವಿಗೊಟ್ಟು ಕೂತ ಲಾಕು, ಇವಕ್ಕೆಲ್ಲ ಸೇರಿ 30 ಮಿಲಿಆಂಪಿಯರ್ ಅಂತಲೇ ಹಿಡಿಯೋಣ. ತಿಂಗಳಿಗೆ ಸುಮಾರು 22 ಆಂಪಿಯರ್-ಅವರ್ ಹೋಯಿತು, ಅಂದರೆ ಅರ್ಧ ಬ್ಯಾಟರಿ. ಎರಡು ತಿಂಗಳಿಗೆ ಪೂರ್ತಿ. ಯಾವ ದೋಷವೂ ಇಲ್ಲದೆ! ಇದರ ಮೇಲೆ ಮಗ ದಾರಿಯನ್ನು ಚಿತ್ರೀಕರಿಸುವ ಡ್ಯಾಶ್‌ಕ್ಯಾಮ್ ಬೇರೆ ಹಾಕಿಸಿದ್ದ, ಕಾರು ನಿಂತಾಗಲೂ ಕಣ್ಣು ಬಿಟ್ಟಿರುವಂಥದ್ದು. ಹೀಗೆ ಪೂರ್ತಿ ಖಾಲಿಯಾಗಿ ಬಹಳ ದಿನ ಕೂತರೆ ಒಳಗಿನ ಸೀಸದ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನ ಕಸುವು ಬರುವುದಿಲ್ಲ.

‘ನಾನು ವಾರಕ್ಕೊಮ್ಮೆ ಅಂಗಳದಲ್ಲೇ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಇಡ್ತೇನೆ’ ಅನ್ನುವವರು ಬಹಳ. ನಿಂತಲ್ಲೇ ಓಡುವ ಇಂಜಿನ್ ಹತ್ತು ನಿಮಿಷಕ್ಕೆ ತುಂಬುವುದು ಅಷ್ಟಕ್ಕಷ್ಟೇ. ಎಸಿ, ಲೈಟು ಹಾಕಿಕೊಂಡು ಕೂತರೆ ಅದೂ ಇಲ್ಲ. ಜೊತೆಗೆ ಇಂಜಿನ್ ಸರಿಯಾಗಿ ಬಿಸಿಯಾಗದೆ ಸೈಲೆನ್ಸರಿನಲ್ಲಿ ನೀರು ನಿಲ್ಲುತ್ತದೆ. ಅದರ ಬದಲು ವಾರಕ್ಕೊಮ್ಮೆ ಅರ್ಧ ಗಂಟೆಯಾದರೂ ಓಡಿಸಿ. ನಾನು ಭಾನುವಾರ ಸುರಂಗ ದಾಟಿ, ಅಮದಳ್ಳಿ ಗಣಪತಿಗೆ ಕೈಮುಗಿದು ಬರುತ್ತೇನೆ.

ತಿಂಗಳುಗಟ್ಟಲೆ ತೆಗೆಯುವುದೇ ಇಲ್ಲ ಅನ್ನುವವರು 10 ನಂಬರ್ ಸ್ಪ್ಯಾನರ್‌ನಲ್ಲಿ ಮೈನಸ್ ಟರ್ಮಿನಲ್ ಬಿಚ್ಚಿಡಿ. ಮೈನಸ್ಸೇ ಮೊದಲು. ಪ್ಲಸ್ ಮೊದಲು ಬಿಚ್ಚುವಾಗ ಸ್ಪ್ಯಾನರ್ ಕಾರಿನ ಲೋಹದ ಮೈಗೆ ತಾಗಿದರೆ ಕಿಡಿ ಹಾರುತ್ತದೆ. ಗಡಿಯಾರದ ಟೈಮ್ ಹೋಗುತ್ತದೆ, ಪವರ್ ವಿಂಡೋ ಮತ್ತೆ ಸೆಟ್ ಮಾಡಬೇಕಾದೀತು. ಇಲ್ಲವಾದರೆ ತಾನೇ ನಿಲ್ಲುವ ಸ್ಮಾರ್ಟ್ ಚಾರ್ಜರ್ ತಗೊಳ್ಳಿ. ಸಿಗ್ನಲ್ಲಿನಲ್ಲಿ ಇಂಜಿನ್ ತಾನಾಗಿ ಆಫ್ ಆಗುವ ಕಾರಾದರೆ ಬ್ಯಾಟರಿ ಬೇರೆ ತರದ್ದು, ಅದಕ್ಕೆ ಹೊಂದುವ ಚಾರ್ಜರನ್ನೇ ಕೇಳಿ.

ನಮ್ಮ ಕಡಲ ಗಾಳಿಯ ಕಥೆ ಬೇರೆ. ಟರ್ಮಿನಲ್ ಮೇಲೆ ಬಿಳಿ-ಹಸಿರು ಹಿಟ್ಟು ಕೂತಿದೆಯಾ ನೋಡಿ. ವೈರ್ ಬಿಚ್ಚಿ, ಅಡಿಗೆ ಸೋಡಾ ಹಾಕಿದ ಬಿಸಿನೀರಲ್ಲಿ ಉಜ್ಜಿ, ಒಣಗಿಸಿ ಜೋಡಿಸಿದ ಮೇಲೆ ವ್ಯಾಸಲೀನ್ ಸವರಿ.

ಇಷ್ಟಾಗಿಯೂ ಬ್ಯಾಟರಿ ಡೌನ್ ಆದರೆ? ಕೇರಿಯ ಹುಡುಗರನ್ನು ಕರೆದು ತಳ್ಳಿಸುವುದೆಲ್ಲ ಗೇರ್ ಗಾಡಿಗೆ. ಆಟೋಮ್ಯಾಟಿಕ್ ಕಾರು ತಳ್ಳಿದರೆ ಸ್ಟಾರ್ಟ್ ಆಗುವುದಿಲ್ಲ. ಇನ್ನೊಂದು ಕಾರಿನ ಬ್ಯಾಟರಿಯಿಂದ ಕರೆಂಟು ತರುವ ಜಂಪರ್ ಕೇಬಲ್ ಬೇಕು. ಪ್ಲಸ್‌ಗೆ ಪ್ಲಸ್. ಮೈನಸ್ ವೈರಿನ ಒಂದು ತುದಿ ಒಳ್ಳೆ ಬ್ಯಾಟರಿಗೆ, ಇನ್ನೊಂದು ತುದಿ ಕೊನೆಗೆ, ಸತ್ತ ಕಾರಿನ ಇಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ.

ಕೀ ಈಗ ಒಳಕೋಣೆಯ ಕಪಾಟಿನಲ್ಲಿದೆ. ಡ್ಯಾಶ್‌ಕ್ಯಾಮಿನ ವೈರನ್ನೂ ಕಿತ್ತಿಟ್ಟಿದ್ದೇನೆ. ಚೌತಿಗೆ ಮಗ ಬಂದಾಗ ಯಾಕೆ ಅಂತ ಕೇಳಿಯೇ ಕೇಳುತ್ತಾನೆ. ಅಮ್ಮನನ್ನೇ ಕೇಳು ಅನ್ನುತ್ತೇನೆ.

ನಮಸ್ಕಾರ.